ತಿಂಗಳಿಗೆ ಮೂರೇ ದಿನ

ಮಳೆ ಹಿಂದಾದ ವರ್ಷ ಸೇಡಂ ಸೀಮೆಯ ಕೋಡ್ಲಾದಂಥ ಊರಿನ ಬೀಜ-ಗೊಬ್ಬರದ ಅಂಗಡಿಗೆ ಜುಲೈ ತಿಂಗಳ ಮೊದಲೆರಡು ವಾರ ಜಾತ್ರೆ ಇದ್ದಂತೆ. ತೊಗರಿ ಬೀಜ, ಡಿಎಪಿ ಚೀಲ, ಕಳೆನಾಶಕದ ಬಾಟಲಿ; ಅರ್ಧ ರೊಕ್ಕ, ಅರ್ಧ ಉದ್ರಿ. ಅಂಥದೊಂದು ಮುಂಜಾನೆ ಸಾವುಕಾರರು ಹೊಸ ಕಂಪ್ಯೂಟರಿನ ಮುಂದೆ ಕೂತು, ಲೆಕ್ಕದ ತಂತ್ರಾಂಶವಾದ ಟ್ಯಾಲಿ ತೆರೆದು, ಜುಲೈ 9ರ ಮೊದಲ ಬಿಲ್ ಹಾಕಲು ಹೋಗುತ್ತಾರೆ ಎಂದುಕೊಳ್ಳಿ. ತಾರೀಖೇ ಕೂಡುವುದಿಲ್ಲ. 1 ಎಂದು ಹೊಡೆದರೆ ಒಪ್ಪುತ್ತದೆ. 2 ಎಂದರೂ ಆಯಿತು, 31 ಎಂದರೂ ಆಯಿತು. ನಡುವಿನ ಇಪ್ಪತ್ತೆಂಟು ದಿನಗಳನ್ನು ಯಾರೋ ಕ್ಯಾಲೆಂಡರಿನಿಂದ ಹರಿದುಕೊಂಡು ಹೋದಂತಿದೆ. ಟ್ರ್ಯಾಕ್ಟರ್ ನಿಲ್ಲಿಸಿ ಬಂದ ರೈತ ಅವಸರ ಮಾಡುತ್ತಿದ್ದಾನೆ. ಸಾವುಕಾರರು ನಾಲ್ಕು ಸಲ ಕೀಬೋರ್ಡ್ ಕುಟ್ಟಿ, ಕಡೆಗೆ ಕಂಪ್ಯೂಟರ್ ಮಾರಿದ ಹುಡುಗನಿಗೆ ಫೋನ್ ಹಚ್ಚುತ್ತಾರೆ.

"ಹಳೀ ಮಷೀನ್ ಎಲ್ಲಿ ಅದ ರೀ ಸಾವುಕಾರ್ರ?"

"ನಿನಗೇ ಎಕ್ಸ್‌ಚೇಂಜ್ ಕೊಟ್ಟೀನಲ್ಲೋ ತಮ್ಮಾ."

"ಅದನ್ನ ಫಾರ್ಮ್ಯಾಟ್ ಹೊಡದು ಮಾರಿಬಿಟ್ಟೀನ್ರಿ."

ಯಂತ್ರಕ್ಕೆ ಏನೂ ಆಗಿಲ್ಲ, ಟ್ಯಾಲಿಯೂ ಕೆಟ್ಟಿಲ್ಲ. ಲೈಸೆನ್ಸ್ ಕಾಣದೆ ತೆರೆದಾಗ ಅದು ಎಜುಕೇಷನಲ್ ಮೋಡ್‌ಗೆ ಇಳಿಯುತ್ತದೆ. ಕಲಿಯುವವರಿಗಾಗಿ ಬಿಟ್ಟಿರುವ ದಾರಿ ಅದು. ಹೆಚ್ಚುಕಡಿಮೆ ಎಲ್ಲ ಕೆಲಸ ಮಾಡಿ ನೋಡಬಹುದು. ತಾರೀಖು ಮಾತ್ರ ತಿಂಗಳ 1, 2 ಅಥವಾ 31 ಆಗಿರಬೇಕು. ಸೇಡಂನ ಕಂಪ್ಯೂಟರ್ ಕ್ಲಾಸಿಗೆ ಮೂರು ದಿನ ಸಾಕು. ದಿನಾಲೂ ಬಾಗಿಲು ತೆರೆಯುವ ಅಂಗಡಿಗೆ ಸಾಲದು.

ಇಲ್ಲಿ ಆದದ್ದು ಇಷ್ಟು: ಲೆಕ್ಕ ಪೆನ್ ಡ್ರೈವ್‌ನಲ್ಲಿ ಹೊಸ ಮನೆಗೆ ಬಂತು, ಲೈಸೆನ್ಸ್ ಹಳೆ ಮನೆಯಲ್ಲೇ ಉಳಿಯಿತು. ಎರಡೂ ಒಂದೇ ಎಂದು ತಿಳಿದಿದ್ದೇ ತಪ್ಪಾಯಿತು. ಈ ತಪ್ಪು ಈಗ ಹೆಚ್ಚು ಜನರಿಂದ ಆಗುವ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಏರಲಾರವು. ನಮ್ಮ ಭಾಗದಲ್ಲಿ ಯಂತ್ರಗಳ ಆಯಸ್ಸೂ ಕಡಿಮೆ. ವಾಡಿ, ಶಹಾಬಾದ, ಸೇಡಂ, ಮಳಖೇಡ ಎಲ್ಲ ಸುಣ್ಣದ ಕಲ್ಲಿನ ಸೀಮೆ. ಆ ನುಣ್ಣನೆಯ ದೂಳು ಕಂಪ್ಯೂಟರಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಮೇಲೆ ಮೇ ತಿಂಗಳ ಬಿಸಿಲು, ಹೋಗಿ ಬರುವ ಕರೆಂಟು. ಐದಾರು ವರ್ಷಕ್ಕೊಮ್ಮೆ ಯಂತ್ರ ಬದಲಿಸುವುದು ತಪ್ಪಿದ್ದಲ್ಲ. ಬದಲಿಸುವ ಕ್ರಮ ಗೊತ್ತಿದ್ದರೆ ಸಾಕು.

ಟ್ಯಾಲಿಯ ಹೆಸರನ್ನೇ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಮನೆಯ ಲೆಕ್ಕಕ್ಕೆಂದೇ ಕ್ವಿಕನ್, ಮೈಕ್ರೋಸಾಫ್ಟ್ ಮನಿ ಮುಂತಾದ ತಂತ್ರಾಂಶಗಳು ಬಂದವು. ನಮ್ಮಲ್ಲಿ ಮನೆ ಲೆಕ್ಕವೂ ಅಂಗಡಿ ಲೆಕ್ಕವೂ ಒಂದೇ ಗಲ್ಲಾ ಪೆಟ್ಟಿಗೆಯವು. ಮಗಳ ಮದುವೆಯ ಖರ್ಚು, ಮಗನ ಕಾಲೇಜು ಫೀಸು, ಹಬ್ಬದ ಬಟ್ಟೆ ಎಲ್ಲವೂ 'ಡ್ರಾಯಿಂಗ್ಸ್' ಎಂಬ ಒಂದು ಖಾತೆಯ ಕೆಳಗೆ ಸಾಲಾಗಿ ಕೂತಿರುತ್ತವೆ. ಒಂದು ಮನೆತನದ ಹತ್ತು ವರ್ಷದ ಚರಿತ್ರೆ ಓದಬೇಕೆಂದರೆ ಆ ಒಂದು ಲೆಡ್ಜರ್ ತೆರೆದರೆ ಸಾಕು. ಟ್ಯಾಲಿ ಹುಟ್ಟಿದ್ದೂ ಇಂಥದೇ ಒಂದು ಮನೆತನದ ಅಗತ್ಯದಿಂದ. ಬೆಂಗಳೂರಿನಲ್ಲಿ ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಮಾಡು ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಟ್ಯಾಲಿಯ ಹೊಸ ಆವೃತ್ತಿ ಟ್ಯಾಲಿಪ್ರೈಮ್ ಬಂತು.

ಈಗ ಲೈಸೆನ್ಸ್ ಎಂದರೇನು ಎಂಬುದನ್ನು ನೋಡೋಣ. ಟ್ಯಾಲಿಗೆ ರೊಕ್ಕ ಕೊಟ್ಟಾಗ ನಾವು ಕೊಳ್ಳುವುದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಸಿಂಗಲ್ ಯೂಸರ್ ಲೈಸೆನ್ಸ್, ಅಂದರೆ ಸಿಲ್ವರ್, ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಯಾವ ಕಂಪ್ಯೂಟರ್ ಎಂದು ಕಂಪನಿಗೆ ಗೊತ್ತಾಗುವುದು ಹೇಗೆ? ಆಕ್ಟಿವೇಟ್ ಮಾಡುವಾಗ ಈ ಬಗೆಯ ತಂತ್ರಾಂಶಗಳು ಯಂತ್ರದ ಕೆಲವು ಗುರುತುಗಳನ್ನು ಕೂಡಿಸಿ ಒಂದು ಕುಂಡಲಿ ಬರೆಯುತ್ತವೆ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇವೆಲ್ಲಕ್ಕೂ ಅವುಗಳದೇ ನಂಬರು ಇರುತ್ತದೆ. ಆ ಕುಂಡಲಿ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ. ಸರ್ವರ್ ತನ್ನ ವಹಿಯಲ್ಲಿ 'ಈ ಸೀರಿಯಲ್ ನಂಬರು ಈ ಯಂತ್ರದ್ದು' ಎಂದು ಬರೆದುಕೊಂಡು, ಆ ಯಂತ್ರಕ್ಕೆ ಮಾತ್ರ ಹೊಂದುವ ಬೀಗದ ಕೈ ಕಳಿಸುತ್ತದೆ. ಇಡೀ ಫೋಲ್ಡರನ್ನೇ ಕಾಪಿ ಮಾಡಿ ಬೇರೆ ಯಂತ್ರದಲ್ಲಿ ಇಟ್ಟರೂ ಆ ಕೈ ತಿರುಗುವುದಿಲ್ಲ, ಏಕೆಂದರೆ ಕುಂಡಲಿ ಕೂಡುವುದಿಲ್ಲ.

ಈ ಬೀಗಗಳಿಗೂ ಒಂದು ಇತಿಹಾಸವಿದೆ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ಹಾಳೆಯ ತಂತ್ರಾಂಶ ತೆರೆಯಬೇಕಾದರೆ ಅದರದೇ ಮೂಲ ಫ್ಲಾಪಿಯನ್ನು ಡ್ರೈವಿಗೆ ಹಾಕಬೇಕಿತ್ತು. ಫ್ಲಾಪಿಗೆ ಬೂಸು ಹಿಡಿದರೆ ಧಂದೆ ನಿಂತಂತೆಯೇ. ಇನ್ನು ಕೆಲವಕ್ಕೆ ಡಾಂಗಲ್ ಇತ್ತು, ಕಂಪ್ಯೂಟರಿನ ಹಿಂದೆ ಚುಚ್ಚುವ ಹೆಬ್ಬೆಟ್ಟಿನ ಗಾತ್ರದ ಡಬ್ಬಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಇಂಟರ್ನೆಟ್ ಅಥವಾ ಫೋನಿನ ಮೂಲಕ ಮಾಡುವ ಆಕ್ಟಿವೇಷನ್ನನ್ನು ಮನೆಮನೆಗೆ ತಂದಿತು. ಫ್ಲಾಪಿ, ಡಾಂಗಲ್ ಇದ್ದಾಗ ಬೀಗದ ಕೈ ನಮ್ಮ ಜೇಬಿನಲ್ಲಿತ್ತು. ಆಕ್ಟಿವೇಷನ್ ಬಂದ ಮೇಲೆ ಅದು ಬೇರೆಯವರ ಸರ್ವರಿನಲ್ಲಿದೆ. ಕಳೆದುಹೋಗುವ ಭಯ ತಪ್ಪಿತು, ಕೇಳಿ ಪಡೆಯುವ ಕೆಲಸ ಬಂತು.

ಮಕ್ಕಳ ಶಾಲೆ ಬದಲಿಸಿದವರಿಗೆ ಈ ಕೇಳಿ ಪಡೆಯುವ ಕ್ರಮ ಹೊಸದಲ್ಲ. ಹಳೆ ಶಾಲೆಯಲ್ಲಿ ಹೆಸರು ತೆಗೆಸಿ ಟಿ.ಸಿ. ತಂದರೆ ಹೊಸ ಶಾಲೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತದೆ. ಒಂದೇ ಮಗು ಎರಡು ಶಾಲೆಯ ಹಾಜರಿಯಲ್ಲಿ ಇರುವಂತಿಲ್ಲ. ಟ್ಯಾಲಿಯ ಮಾತಿನಲ್ಲಿ ಹೆಸರು ತೆಗೆಸುವುದಕ್ಕೆ 'ಸರೆಂಡರ್' ಎನ್ನುತ್ತಾರೆ, ಮತ್ತೆ ಸೇರಿಸುವುದಕ್ಕೆ 'ರಿಆಕ್ಟಿವೇಟ್'.

ಇದಕ್ಕಿಂತ ಹಳೆಯ ಹೋಲಿಕೆಯೂ ನಮ್ಮ ನೆರೆಯಲ್ಲೇ ಸಿಗುತ್ತದೆ. ಶಹಾಬಾದ ಸಮೀಪದ ಮರತೂರು ವಿಜ್ಞಾನೇಶ್ವರರ ಊರೆಂದು ಹೆಸರಾದುದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವರು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ ಬ್ರಿಟಿಷರ ಕೋರ್ಟುಗಳಲ್ಲೂ ಆಸ್ತಿ ಹಂಚಿಕೆಯ ಕಾನೂನಾಗಿ ನಡೆಯಿತು. ಮಿತಾಕ್ಷರಾ ಎಂದರೆ ನಮಗೆ ನೆನಪಾಗುವುದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಬರುವ ಹಕ್ಕು. ಆದರೆ ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಸಾಲಪತ್ರಗಳ ಮೇಲೆ ಒಂದು ಭಾಗವಿದೆ. ಸಾಲಗಾರ ಕಂತು ಕಟ್ಟಿದಾಗಲೆಲ್ಲ ಪತ್ರದ ಬೆನ್ನಿಗೆ ಬರೆಯಬೇಕು. ಪೂರ್ತಿ ತೀರಿಸಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಇಲ್ಲವೇ ತೀರುವಳಿಗೆ ಬೇರೊಂದು ಪತ್ರ ಮಾಡಿಸಬೇಕು. ಮೂಲಪತ್ರ ದೂರದೇಶದಲ್ಲಿ ಉಳಿದಿದ್ದರೆ, ಕಳೆದಿದ್ದರೆ, ಅಳಿಸಿಹೋಗಿದ್ದರೆ, ಕಳುವಾಗಿದ್ದರೆ, ಸುಟ್ಟಿದ್ದರೆ ಹೊಸ ಪತ್ರ ಬರೆಸಿಕೊಳ್ಳಬಹುದು.

ಲೈಸೆನ್ಸ್ ಬದಲಾಯಿಸುವ ಇಡೀ ವಿಧಾನ ಇದರಲ್ಲೇ ಇದೆ. ಹಳೆ ಪತ್ರ ಕೈಯಲ್ಲಿದ್ದರೆ ಹರಿದು ಹಾಕಿ ಹೊರಡಿ, ಅದು ಸರೆಂಡರ್. ಪತ್ರ ಸುಟ್ಟಿದ್ದರೆ, ಅಂದರೆ ಯಂತ್ರವೇ ಸತ್ತಿದ್ದರೆ, ನೀವೇ ಆ ಪತ್ರದವರೆಂದು ತೋರಿಸಿ ಹೊಸದು ಬರೆಸಿಕೊಳ್ಳಿ, ಅದು ರಿಆಕ್ಟಿವೇಷನ್. ಹರಿಯದ ಹಳೆ ಪತ್ರ ಮೂರನೆಯವರ ಕೈಗೆ ಸಿಕ್ಕರೆ ಜಗಳ ಎಂಬ ಎಚ್ಚರ ಒಂಬೈನೂರು ವರ್ಷದ ಹಿಂದೆಯೇ ಇತ್ತು.

ಕೆಲಸಕ್ಕೆ ಇಳಿಯೋಣ. ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದೆ ಎನ್ನಿ. ಮೊದಲ ಕೆಲಸ ಬ್ಯಾಕಪ್. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಎಂಬ ಪಟ್ಟಿ ತೆರೆಯುತ್ತದೆ, ಅದರಲ್ಲಿ ಬ್ಯಾಕಪ್ ಇದೆ. ಅದನ್ನು ಪೆನ್ ಡ್ರೈವಿಗೆ ಇಳಿಸಿ. ಅದರ ಜೊತೆಗೆ ಡೇಟಾ ಫೋಲ್ಡರನ್ನೂ ಇದ್ದಂತೆಯೇ ಕಾಪಿ ಮಾಡಿಟ್ಟುಕೊಳ್ಳಿ. ಟ್ಯಾಲಿಯಲ್ಲಿ ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಫೋಲ್ಡರಿನಲ್ಲಿ ಇರುತ್ತದೆ, ಆ ಫೋಲ್ಡರಿಗೆ 10000, 10001 ಹೀಗೆ ಅಂಕೆಯೇ ಹೆಸರು. ಅಂಗಡಿಯ ಹೆಸರಿನ ಫೋಲ್ಡರ್ ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಡೇಟಾ ಎಲ್ಲಿದೆ ಎಂಬ ದಾರಿಯನ್ನು ಕಂಪನಿ ಆಯ್ಕೆ ಮಾಡುವ ಪರದೆಯೇ ತೋರಿಸುತ್ತದೆ. ಅದನ್ನು ನೋಡಿಯೇ ಕಾಪಿ ಮಾಡಿ. ಎಷ್ಟೋ ಸಲ ಸಿ ಡ್ರೈವಿನಲ್ಲಿ ಒಂದು ಹಳೆ ಡೇಟಾ, ಡಿ ಡ್ರೈವಿನಲ್ಲಿ ಒಂದು ಹೊಸ ಡೇಟಾ ಇರುತ್ತವೆ. ಅವಸರದಲ್ಲಿ ಮೂರು ವರ್ಷ ಹಿಂದಿನದನ್ನು ಹೊತ್ತುಕೊಂಡು ಹೋದವರಿದ್ದಾರೆ.

ಬ್ಯಾಕಪ್ ತೆಗೆದ ಮೇಲೆ ಟ್ರಯಲ್ ಬ್ಯಾಲೆನ್ಸನ್ನೂ ಸಾಲಗಾರರ ಪಟ್ಟಿಯನ್ನೂ ಕಾಗದದ ಮೇಲೆ ಪ್ರಿಂಟ್ ಹಾಕಿ. ಹೊಸ ಯಂತ್ರದಲ್ಲಿ ಲೆಕ್ಕ ತೆರೆದಾಗ ಆ ಕಾಗದದ ಶಿಲ್ಕು, ಪರದೆಯ ಶಿಲ್ಕು ಪೈಸೆಗೆ ಪೈಸೆ ಕೂಡಬೇಕು. ಮುನೀಮರು ಒಂದು ವಹಿ ಮುಗಿದು ಇನ್ನೊಂದು ವಹಿಗೆ ಶಿಲ್ಕು ಎಳೆಯುವಾಗ ಮಾಡುತ್ತಿದ್ದದ್ದೂ ಇದನ್ನೇ.

ಇಷ್ಟಾದ ಮೇಲೆ ಸರೆಂಡರ್. ಟ್ಯಾಲಿಪ್ರೈಮ್‌ನಲ್ಲಿ ಎಫ್1 ಒತ್ತಿ ಹೆಲ್ಪ್ ತೆರೆದು ಸೆಟ್ಟಿಂಗ್ಸ್, ಅದರೊಳಗೆ ಲೈಸೆನ್ಸ್, ಅದರೊಳಗೆ ಸರೆಂಡರ್. ಟ್ಯಾಲಿಯ ಹಳೆಯ ಆವೃತ್ತಿ ಇಆರ್‌ಪಿ 9 ಇರುವವರಿಗೆ ಎಫ್12 ಒತ್ತಿದರೆ ಬರುವ ಲೈಸೆನ್ಸಿಂಗ್ ಪಟ್ಟಿಯಲ್ಲಿ. ಇಂಟರ್ನೆಟ್ ಬೇಕು, ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಲೈಸೆನ್ಸ್ ನೋಂದಾಯಿಸಿದ ಇಮೇಲ್ ಮತ್ತು ಆ ಟ್ಯಾಲಿ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ನಿಮಿಷದ ಕೆಲಸ. ಹಳೆಯ ಯಂತ್ರ ಎಜುಕೇಷನಲ್ ಮೋಡ್‌ಗೆ ಇಳಿಯಿತೆಂದರೆ ಸರೆಂಡರ್ ಆಯಿತೆಂದೇ ಅರ್ಥ. ಆ ಮೂರು ದಿನದ ಕ್ಯಾಲೆಂಡರ್ ಇಲ್ಲಿ ಶುಭ ಸೂಚನೆ.

ಹೊಸ ಯಂತ್ರದಲ್ಲಿ ಟ್ಯಾಲಿ ಹಾಕಿ ತೆರೆದಾಗ ಸ್ವಾಗತದ ಪರದೆಯಲ್ಲಿ ಹೊಸ ಲೈಸೆನ್ಸ್ ಆಕ್ಟಿವೇಟ್ ಮಾಡುವ, ಇದ್ದ ಲೈಸೆನ್ಸನ್ನು ರಿಆಕ್ಟಿವೇಟ್ ಮಾಡುವ ಆಯ್ಕೆಗಳು ಇರುತ್ತವೆ. ನಮಗೆ ಬೇಕಾದದ್ದು ಎರಡನೆಯದು. ಅದೇ ಇಮೇಲ್, ಅದೇ ಪಾಸ್‌ವರ್ಡ್ ಕೊಟ್ಟರೆ ಒಂಬತ್ತು ಅಂಕೆಯ ಸೀರಿಯಲ್ ನಂಬರು ಬರುತ್ತದೆ, ಇಮೇಲಿಗೆ ಅನ್‌ಲಾಕ್ ಕೀ ಬರುತ್ತದೆ. ಅದನ್ನು ಹೊಡೆದರೆ ಬೀಗ ತೆರೆಯಿತು.

ಇಲ್ಲಿ ಎರಡು ಗುಂಡಿಗಳಿವೆ, ನೋಡಿ ನಡೆಯಬೇಕು. ಒಂದು, ವಾರ್ಷಿಕ ಚಂದಾ. ಟ್ಯಾಲಿಯ ಸಾಮಾನ್ಯ ಲೈಸೆನ್ಸ್ ಕಾಯಂ. ಆದರೆ ಹೊಸ ಆವೃತ್ತಿಗಳನ್ನು ಪಡೆಯಲು ಟಿಎಸ್‌ಎಸ್ ಎಂಬ ಚಂದಾ ಚಾಲ್ತಿಯಲ್ಲಿರಬೇಕು. ಚಂದಾ ನಿಂತು ವರ್ಷಗಳಾಗಿದ್ದರೆ, ಆಗ ನಿಮಗೆ ಸಲ್ಲುತ್ತಿದ್ದ ಹಳೆಯ ಆವೃತ್ತಿಯನ್ನೇ ಹೊಸ ಯಂತ್ರಕ್ಕೆ ಹಾಕಬೇಕಾಗುತ್ತದೆ. ಏನೂ ನೋಡದೆ ತೀರ ಹೊಸದನ್ನು ಇಳಿಸಿಕೊಂಡರೆ ಅದು ಚಂದಾ ಕೇಳುತ್ತದೆ. ಎರಡು, ಹೊಸ ಆವೃತ್ತಿಗೆ ಏರಿಸಿದ ಲೆಕ್ಕವನ್ನು ಹಳೆಯ ಆವೃತ್ತಿ ಮತ್ತೆ ಓದಲಾರದು. ಏರಿಸುವ ಮುನ್ನಿನ ಒಂದು ಪ್ರತಿ ಬೇರೆಯಾಗಿ ಇರಲಿ.

ಹಳೆಯ ಯಂತ್ರವೇ ಸತ್ತಿದ್ದರೆ? ಸಿಡಿಲು ಬಡಿದು ಮದರ್‌ಬೋರ್ಡ್ ಹೋಗಿದ್ದರೆ, ನಮ್ಮ ಸಾವುಕಾರರದರಂತೆ ಯಂತ್ರ ಫಾರ್ಮ್ಯಾಟ್ ಆಗಿ ಬೇರೆಯವರ ಪಾಲಾಗಿದ್ದರೆ? ಆಗಲೂ ದಾರಿ ಇದೆ. ಹೊಸ ಯಂತ್ರದಲ್ಲಿ ನೋಂದಾಯಿತ ಇಮೇಲಿನಿಂದ ರಿಆಕ್ಟಿವೇಷನ್‌ಗೆ ಯತ್ನಿಸಬೇಕು. ಅಡ್ಡಿ ಬಂದರೆ ಕಂಪನಿಯ ಸಹಾಯವಾಣಿ ಇಲ್ಲವೇ ಅಧಿಕೃತ ಡೀಲರ್ ಮೂಲಕ ಹಳೆಯ ನಂಟು ಬಿಡಿಸಿಕೊಳ್ಳಬೇಕು. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ನೋಂದಾಯಿತ ಇಮೇಲ್ ಯಾವುದು?"

ಸಣ್ಣ ಊರುಗಳಲ್ಲಿ ಎತ್ತು ಎಡವುವುದು ಇಲ್ಲೇ. ಹತ್ತು ವರ್ಷದ ಹಿಂದೆ ಲೈಸೆನ್ಸ್ ತಂದಾಗ ಸಾವುಕಾರರಿಗೆ ಇಮೇಲ್ ಇರಲಿಲ್ಲ. ಹಾಕಿಕೊಡಲು ಬಂದ ಹುಡುಗ ತನ್ನದೇ ಇಮೇಲ್ ಕೊಟ್ಟ, ಇಲ್ಲವೇ ಆಗಿನ ಗುಮಾಸ್ತನದು ಬರೆದ, ಇಲ್ಲವೇ ಅಲ್ಲೇ ಒಂದು ಹೊಸದು ಸೃಷ್ಟಿಸಿ ಪಾಸ್‌ವರ್ಡನ್ನು ಬಿಲ್ಲಿನ ಹಿಂದೆ ಗೀಚಿದ. ಹುಡುಗ ಈಗ ಹೈದರಾಬಾದಿನಲ್ಲಿದ್ದಾನೆ. ಗುಮಾಸ್ತ ಕೆಲಸ ಬಿಟ್ಟು ಸಿಮೆಂಟ್ ಫ್ಯಾಕ್ಟರಿ ಸೇರಿದ್ದಾನೆ. ಬಿಲ್ಲನ್ನು ಇಲಿ ತಿಂದಿದೆ. ರೊಕ್ಕ ಕೊಟ್ಟವರು ಸಾವುಕಾರರೇ ಆದರೂ ಸರ್ವರಿನ ವಹಿಯಲ್ಲಿ ಲೈಸೆನ್ಸಿನ ಯಜಮಾನ ಆ ಇಮೇಲ್. ಹೊಲ ಉಳುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂದರೆ ಎಂಥ ಪೇಚಾಟ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಯಂತ್ರ ಚೆನ್ನಾಗಿರುವಾಗಲೇ, ಇವತ್ತೇ, ನಿಮ್ಮ ಟ್ಯಾಲಿಯ ಲೈಸೆನ್ಸ್ ವಿವರ ತೆರೆದು ಯಾವ ಇಮೇಲ್ ಇದೆ ನೋಡಿ. ಬೇರೆಯವರದಾಗಿದ್ದರೆ ಅವರ ನಂಬರು ಸಿಗುವಾಗಲೇ ಬದಲಿಸಿಕೊಳ್ಳಿ. ಮಾಲೀಕರ ಹೆಸರಿನ ಇಮೇಲ್ ಇರಲಿ, ಅದಕ್ಕೆ ಮಾಲೀಕರದೇ ಮೊಬೈಲ್ ಜೋಡಿಸಿರಲಿ. ಈ ಅಂಕಣದಿಂದ ನೀವು ಒಂದೇ ಕೆಲಸ ಮಾಡುವುದಾದರೆ ಅದು ಇದಾಗಲಿ.

ಇದೇ ತರಹದ ಇನ್ನೊಂದು ಬೀಗ ಟ್ಯಾಲಿವಾಲ್ಟ್. ಲೆಕ್ಕ ಬೇರೆಯವರ ಕಣ್ಣಿಗೆ ಬೀಳಬಾರದೆಂದು ಇಡುವ ಗುಪ್ತಪದ. ಅದನ್ನು ಮರೆತರೆ ಕಂಪನಿಯವರೂ ತೆಗೆದುಕೊಡಲಾರರು, ಏಕೆಂದರೆ ಆ ಪದದಿಂದಲೇ ಇಡೀ ಲೆಕ್ಕ ಗೂಢಲಿಪಿಯಾಗಿರುತ್ತದೆ. ಲೈಸೆನ್ಸ್ ಕಳೆದರೆ ಮತ್ತೆ ಸಿಗುತ್ತದೆ, ಇದು ಕಳೆದರೆ ಲೆಕ್ಕವೇ ಹೋದಂತೆ.

ಪೇಚಿಗೆ ಸಿಕ್ಕ ಸಾವುಕಾರರಿಗೆ ಯಾರಾದರೊಬ್ಬರು ಸುಲಭದ ದಾರಿಯನ್ನೂ ತೋರಿಸುತ್ತಾರೆ: "ಕ್ರ್ಯಾಕ್ ಹಾಕ್ತೀನ್ರಿ, ಐನೂರು ಕೊಡ್ರಿ." ಅದು ಲೈಸೆನ್ಸ್ ಕೇಳುವ ಭಾಗವನ್ನೇ ಮುರಿದ ಪ್ರತಿ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ತಂತ್ರಾಂಶವೆಂದು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕಾನೂನಿನ ಮಾತು ಬಿಡಿ. ಬೀಗ ಮುರಿಯಬಲ್ಲವನ ಕೈಗೆ ನಿಮ್ಮ ಉದ್ರಿ ಪಟ್ಟಿ, ಬ್ಯಾಂಕ್ ಖಾತೆ, ಜಿಎಸ್‌ಟಿ ಲಾಗಿನ್ ಇರುವ ಯಂತ್ರವನ್ನು ಒಪ್ಪಿಸಿದಂತಾಗುತ್ತದೆ.

ಹಾಗಾದರೆ ಕಾನೂನು ನಮ್ಮ ಪರವಾಗಿ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ. ಅದೇ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಪಡೆದ ತಂತ್ರಾಂಶ ಹಾಳಾದರೆ ಇರಲಿ ಎಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅನುಮತಿ ಕೊಡುತ್ತದೆ. ಡಬ್ಬಿಯಲ್ಲಿ ಮಾರುವ ತಂತ್ರಾಂಶ ಸರಕು ಎಂದು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಮಾರಾಟ ತೆರಿಗೆ ಬೀಳುತ್ತದೆ ಎಂಬುದು ಅಲ್ಲಿನ ವಿಷಯ. ಕರ್ನಾಟಕ ಹೈಕೋರ್ಟಿನಿಂದ ಹೋದ ಮೊಕದ್ದಮೆಯೂ ಸೇರಿದ್ದ ಇಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ, 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟೇ, ಕೊಂಡವನಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಕೃತಿಸ್ವಾಮ್ಯದ ಪಾಲಲ್ಲ ಎಂದಿತು. ಯುರೋಪಿನ ನ್ಯಾಯಾಲಯ 2012ರಲ್ಲಿ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಕಾಯಂ ಲೈಸೆನ್ಸ್ ಕೊಂಡವನು ತನ್ನ ಪ್ರತಿಯನ್ನು ಅಳಿಸಿ ಲೈಸೆನ್ಸನ್ನು ಬೇರೆಯವರಿಗೆ ಮಾರಬಹುದು ಎಂದಿತು. ತನ್ನ ಪ್ರತಿ ಅಳಿಸಬೇಕು ಎಂಬ ಷರತ್ತನ್ನು ಗಮನಿಸಿ. ಅದೇ ಹಳೆ ಪತ್ರ ಹರಿಯುವ ನ್ಯಾಯ.

ಎಲ್ಲ ಲೈಸೆನ್ಸೂ ಹೀಗೆ ಮನೆ ಬದಲಿಸುವುದಿಲ್ಲ ಎಂಬುದೂ ಗೊತ್ತಿರಲಿ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಸಾಮಾನ್ಯವಾಗಿ ಓಇಎಂ ಬಗೆಯದು. ಅದು ಆ ಯಂತ್ರದ ಜೊತೆ ಹುಟ್ಟಿ ಅದರ ಜೊತೆಗೇ ಸಾಯುತ್ತದೆ. ಬೇರೆಯಾಗಿ ಕೊಂಡ ರಿಟೇಲ್ ಬಗೆಯದನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. ಡಿಜಿಟಲ್ ಸಹಿಯದು ಇನ್ನೂ ಸುಲಭ, ಅದು ಯುಎಸ್‌ಬಿ ಟೋಕನ್ನಿನೊಳಗೇ ಇರುತ್ತದೆ, ಹೊಸ ಯಂತ್ರಕ್ಕೆ ಅದರ ಡ್ರೈವರ್ ಹಾಕಿದರೆ ಸಾಕು. ಫೋನಿನ ಯುಪಿಐ ಆ್ಯಪ್ ಸಿಮ್‌ಗೂ ಫೋನಿಗೂ ಕಟ್ಟಿಕೊಂಡಿರುತ್ತದೆ, ಫೋನ್ ಬದಲಿಸಿದಾಗ ಅದೇ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಮತ್ತೆ ಗುರುತು ಹೇಳುತ್ತದೆ. ದಿನಾ ಮಾಡುವ ಫೋನ್ ಪೇಮೆಂಟಿನ ಹಿಂದೆಯೂ ಇದೇ ಕುಂಡಲಿಯ ಲೆಕ್ಕ.

ಬೀಗದ ಕೈ ಇಟ್ಟುಕೊಂಡವರೇ ಅಂಗಡಿ ಮುಚ್ಚಿದರೆ? ಇದು ಸುಮ್ಮನೆ ಹೆದರಿಸುವ ಮಾತಲ್ಲ. ಮೈಕ್ರೋಸಾಫ್ಟ್ ಮನಿ ಮಾರಾಟವನ್ನು 2009ರಲ್ಲಿ ನಿಲ್ಲಿಸಲಾಯಿತು, 2011ರ ಜನವರಿ ಕೊನೆಗೆ ಅದರ ಆನ್‌ಲೈನ್ ಸೇವೆಗಳೂ ಮುಗಿದವು. ಹೊಸ ಕಂಪ್ಯೂಟರ್ ಕೊಂಡವರು ಯಾರ ಬಳಿ ಆಕ್ಟಿವೇಟ್ ಮಾಡಿಸಬೇಕಿತ್ತು? ಪುಣ್ಯಕ್ಕೆ ಕಂಪನಿ ಹೋಗುವ ಮುನ್ನ ಸನ್‌ಸೆಟ್ ಎಂಬ ಹೆಸರಿನಲ್ಲಿ, ಆಕ್ಟಿವೇಷನ್ ಬೇಡದ ಉಚಿತ ಪ್ರತಿಯೊಂದನ್ನು ಬಿಟ್ಟುಹೋಯಿತು. ಊರು ಬಿಡುವವರು ಬಾವಿಗೆ ಹಗ್ಗ ಬಿಟ್ಟು ಹೋದಂತೆ. ಇಂಟ್ಯೂಟ್ ಕಂಪನಿ ತನ್ನ ಕ್ವಿಕ್‌ಬುಕ್ಸನ್ನು 2023ರಲ್ಲಿ ಭಾರತದಲ್ಲಿ ನಿಲ್ಲಿಸಿದಾಗ ಬಳಕೆದಾರರು ಗಡುವಿನೊಳಗೆ ತಮ್ಮ ಲೆಕ್ಕ ಇಳಿಸಿಕೊಂಡು ಬೇರೆ ಕಡೆ ನಡೆಯಬೇಕಾಯಿತು. ಇಂಥ ಕಾಟವೇ ಬೇಡ ಎನ್ನುವವರಿಗೆ 1990ರ ದಶಕದ ಕೊನೆಯಿಂದ ಬೆಳೆದು ಬಂದ ಗ್ನೂಕ್ಯಾಶ್‌ನಂಥ ಮುಕ್ತ ತಂತ್ರಾಂಶಗಳಿವೆ, ಅವಕ್ಕೆ ಲೈಸೆನ್ಸ್ ಕೀ ಇಲ್ಲ. ಮನೆಯ ಲೆಕ್ಕಕ್ಕೆ ಅದು ಸಾಕಾಗಬಹುದು. ಜಿಎಸ್‌ಟಿ ಇರುವ ಅಂಗಡಿಗೆ, ಅದೂ ಲೆಕ್ಕಪರಿಶೋಧಕರು ಟ್ಯಾಲಿ ಫೈಲನ್ನೇ ಕೇಳುವ ಊರಿನಲ್ಲಿ, ಬದಲಾಯಿಸುವುದು ಹೇಳಿದಷ್ಟು ಸಲೀಸಲ್ಲ.

ಯಾವ ತಂತ್ರಾಂಶವೇ ಇರಲಿ, ಲೆಕ್ಕ ಉಳಿಸಿಕೊಳ್ಳುವ ಹೊಣೆ ನಮ್ಮದು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಆರು ವರ್ಷ ಎಂದರೆ ನಮ್ಮ ದೂಳಿನ ಸೀಮೆಯಲ್ಲಿ ಒಂದು ಕಂಪ್ಯೂಟರಿನ ಇಡೀ ಆಯಸ್ಸು. ಅಂದರೆ ಪ್ರತಿಯೊಂದು ಲೆಕ್ಕವೂ ತನ್ನ ಜೀವಮಾನದಲ್ಲಿ ಒಮ್ಮೆಯಾದರೂ ಮನೆ ಬದಲಿಸಲೇಬೇಕು. ಹಾಗಾಗಿ ವರ್ಷಕ್ಕೊಮ್ಮೆ ಮಾರ್ಚ್ ಮುಗಿದ ಮೇಲೆ ಮುಖ್ಯ ವರದಿಗಳನ್ನು ಪಿಡಿಎಫ್, ಎಕ್ಸೆಲ್ ರೂಪದಲ್ಲೂ ತೆಗೆದಿಡಿ. ಅವನ್ನು ತೆರೆಯಲು ಯಾರ ಲೈಸೆನ್ಸೂ ಬೇಡ. ಶಿಲ್ಕು ತಾಳೆಯಾದ ಮೇಲೆಯೇ ಹಳೆಯ ಯಂತ್ರದ ಡಿಸ್ಕ್ ಅಳಿಸಿ. ಅಳಿಸದೆ ಎಕ್ಸ್‌ಚೇಂಜಿಗೆ ಕೊಡಬೇಡಿ, ಅದರೊಳಗೆ ಊರಿನ ಅರ್ಧ ಮಂದಿಯ ಉದ್ರಿ ಇದೆ.

ವಿಜ್ಞಾನೇಶ್ವರರ ಮಾತಿಗೆ ಮತ್ತೊಮ್ಮೆ ಬಂದರೆ, ಸಾವುಕಾರರ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಅಂಗಡಿಯ ಆಸ್ತಿಯಲ್ಲಿ, ಬರಬೇಕಾದ ಉದ್ರಿಯಲ್ಲಿ ಇರಬಹುದು. ಲೈಸೆನ್ಸಿನಲ್ಲಿ ಇಲ್ಲ. ಅದು ಒಪ್ಪಂದದ ವಸ್ತು. ಧಂದೆ ಮಗನ ಹೆಸರಿಗೆ ಆಗುವಾಗ ಲೈಸೆನ್ಸಿನ ನೋಂದಣಿಯನ್ನೂ ಕೇಳಿ ಬದಲಿಸಿಕೊಳ್ಳಬೇಕು. ತಂದೆಯ ಇಮೇಲಿನ ಪಾಸ್‌ವರ್ಡ್ ತಂದೆಯ ಜೊತೆಗೇ ಹೋಗಬಾರದು.

ಕಂಪ್ಯೂಟರ್ ಬಂದ ಮೇಲೂ ನಮ್ಮ ಅಂಗಡಿಗಳಲ್ಲಿ ದೀಪಾವಳಿಗೆ ಒಂದು ಹೊಸ ವಹಿ ತರುವ ಪದ್ಧತಿ ನಿಂತಿಲ್ಲ. ಲಕ್ಷ್ಮಿಯ ಮುಂದಿಟ್ಟು ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಸ್ವಸ್ತಿಕ ಬರೆದು, ಶುಭ ಲಾಭ ಎಂದು ಬರೆದು, ಆಮೇಲೆ ವರ್ಷವಿಡೀ ಖಾಲಿ ಬಿಡುತ್ತಾರೆ. ಈ ಸಲ ಎರಡನೆಯ ಪುಟವನ್ನೂ ತುಂಬಿಸಿ: ಒಂಬತ್ತು ಅಂಕೆಯ ಸೀರಿಯಲ್ ನಂಬರು, ನೋಂದಾಯಿತ ಇಮೇಲ್, ಅದಕ್ಕೆ ಜೋಡಿಸಿದ ಮೊಬೈಲ್, ಚಂದಾ ಮುಗಿಯುವ ದಿನ, ಬ್ಯಾಕಪ್ ಇಟ್ಟ ಜಾಗ. ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದು ತಿಜೋರಿಯಲ್ಲಿಡಿ. ಕೆಳಗೆ ಆವತ್ತಿನ ತಾರೀಖು ಹಾಕಿ. ವಹಿಯ ಕಾಗದ ಯಾವ ತಾರೀಖನ್ನೂ ಬೇಡ ಎನ್ನುವುದಿಲ್ಲ.